ಇಬ್ಬರ ನಡುವಿನ ಕೆಲಸ

ಸಣ್ಣಪುಟ್ಟ ಸೇವಾಸಂಸ್ಥೆಗಳನ್ನು ಒಂದಕ್ಕೊಂದು ಪರಿಚಯ ಮಾಡಿಸಿ ಗಂಟುಹಾಕುವುದು ಸಂಚಾಲಕಿಯ ಉದ್ಯೋಗ. "ಇಡೀ ದಿನ ಫೋನಲ್ಲಿ ಹರಟೆ ಹೊಡೆಯೋಕೂ ಸಂಬಳ ಕೊಡ್ತಾರಾ?" ಎಂದು ಅತ್ತೆ ಕೇಳಿದರೆ ನಕ್ಕುಬಿಡುತ್ತಿದ್ದಳು. ಅದನ್ನೇ ಹಣ ಕೊಡುವ ಪ್ರತಿಷ್ಠಾನದ ಅಧಿಕಾರಿ ಕೇಳಲು ಬಂದಾಗ ನಗುವಂತಿರಲಿಲ್ಲ. ಇವತ್ತು ಅವರಿಗೆ ಒಪ್ಪಿಗೆಯಾಗದಿದ್ದರೆ ತಿಂಗಳ ಕೊನೆಗೆ ಕಚೇರಿಗೆ ಬೀಗ.

ಸಾಕ್ಷಿ ಹೇಳಲೆಂದು ಅವಳು ಇಬ್ಬರನ್ನು ಕರೆಸಿದ್ದಳು. ಒಬ್ಬರು ಹಾಸಿಗೆ ಹಿಡಿದವರನ್ನು ಮನೆಗೇ ಹೋಗಿ ನೋಡಿಕೊಳ್ಳುವ ಸಂಸ್ಥೆಯ ನರ್ಸ್, ಇನ್ನೊಬ್ಬ ಅಂಗವಿಕಲರ ಸಂಘದಲ್ಲಿ ಗಾಲಿಕುರ್ಚಿ ರಿಪೇರಿ ಮಾಡುವ ಮೆಕ್ಯಾನಿಕ್. ನರ್ಸ್ ಅವನನ್ನು ಹೊಗಳಿದ್ದೇ ಹೊಗಳಿದ್ದು. "ಈ ಅಣ್ಣ ಇಲ್ದಿದ್ರೆ ನಮ್ಮ ಅರ್ಧ ಕುರ್ಚಿಗಳು ಗುಜರಿಗೆ ಹೋಗ್ತಿದ್ವು ಸಾರ್." ಅವನು ಬಿಟ್ಟಾನೆಯೇ? "ಅಕ್ಕ ಕೆಲಸ ಕೊಟ್ರು, ನಮ್ಮ ಹುಡುಗರ ಮನೇಲಿ ಒಲೆ ಉರೀತಿದೆ." ಇಬ್ಬರನ್ನೂ ಸೇರಿಸಿದವಳ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಸಂಬಂಧ ಕುದುರಿಸಿದವರನ್ನು ಮದುವೆ ಫೋಟೋದಲ್ಲಿ ಯಾರು ನಿಲ್ಲಿಸಿಕೊಳ್ಳುತ್ತಾರೆ! ಸಂಚಾಲಕಿಗೆ ಅಳುವೂ ಬಂತು, ಸಿಟ್ಟೂ ಬಂತು.

ಅವರು ಹೋದ ಮೇಲೆ ಅಧಿಕಾರಿ ಕಡತ ಮುಚ್ಚಿದರು. "ಅವರೇನೋ ಚೆನ್ನಾಗೇ ಮಾಡ್ತಿದ್ದಾರೆ. ಇದರಲ್ಲಿ ನಿಮ್ಮದೇನಮ್ಮಾ?"

ಕೈಕಟ್ಟಿ ಕೂರುವ ಜಾಯಮಾನ ಅವಳದಲ್ಲ. "ನೀವು ಹಣ ಕೊಡೋ ಕಡೆ ಬಗೆಹರಿಯದ ತೊಂದರೆ ಏನಾದ್ರೂ ಇದ್ರೆ ಹೇಳಿ ಸಾರ್. ನಿಮ್ಮೆದುರೇ ನೋಡೋಣ," ಎಂದಳು.

ಅಂಥದೊಂದು ಇತ್ತು. ಮಕ್ಕಳ ಆಶ್ರಯಧಾಮವೊಂದಕ್ಕೆ ಕಿವಿ ಕೇಳದ ಹುಡುಗಿಯೊಬ್ಬಳು ಬಂದಿದ್ದಳು. ಅವಳ ಕೈಸನ್ನೆ ಅಲ್ಲಿ ಯಾರಿಗೂ ತಿಳಿಯದು. ಮಗು ಊಟ ಬಿಟ್ಟು ಮೂಲೆ ಹಿಡಿದಿತ್ತು.

ಸಂಚಾಲಕಿ ಫೋನ್ ಎತ್ತಿಕೊಂಡು ಸ್ಪೀಕರ್ ಹಾಕಿದಳು. ಮೊದಲ ಕರೆಗೆ ಉತ್ತರವಿಲ್ಲ. ಎರಡನೆಯವರು ಊರಲ್ಲಿಲ್ಲ. ಅಧಿಕಾರಿ ಗಡಿಯಾರ ನೋಡಿದರು. ನೋಡಿಕೊಳ್ಳಲಿ ಎಂದು ಅವಳು ಮತ್ತೊಂದು ನಂಬರ್ ಒತ್ತಿದಳು. ಕಿವುಡರ ಶಾಲೆಯಿಂದ ನಿವೃತ್ತರಾದ ಟೀಚರ್ ಸಿಕ್ಕರು. ಅವರಿಗೆ ವಿಷಯ ಹೇಳಿ, ಅಧಿಕಾರಿಯಿಂದ ನಂಬರ್ ತೆಗೆದುಕೊಂಡು ಆಶ್ರಯಧಾಮದ ಮೇಲ್ವಿಚಾರಕಿಯನ್ನೂ ಅದೇ ಕರೆಗೆ ಸೇರಿಸಿದಳು.

"ಮಗೂಗೆ ಎಷ್ಟು ವಯಸ್ಸು? ಇವತ್ತು ಸಂಜೆನೇ ಬರ್ಲಾ?" ಎಂದರು ಟೀಚರ್.

"ಬನ್ನಿ ಅಮ್ಮಾ, ಈಗ್ಲೇ ಬನ್ನಿ!" ಎಂದರು ಮೇಲ್ವಿಚಾರಕಿ.

ಅವರಿಬ್ಬರ ಮಾತು ಹತ್ತಿಕೊಂಡಿತು. ಸಂಚಾಲಕಿ ಅವರಿಬ್ಬರ ಲೈನು ಹಾಗೇ ಉಳಿಸಿ, ತಾನು ಮೆಲ್ಲಗೆ ಕರೆಯಿಂದ ಹೊರಬಂದು ಫೋನ್ ಇಟ್ಟಳು.

"ಯಾಕೆ ಇಟ್ಟುಬಿಟ್ರಿ?"

"ಅವರವರೇ ಮಾತಾಡ್ಕೊಳ್ತಿದ್ದಾರಲ್ಲ ಸಾರ್. ನನ್ನ ಕೆಲಸ ಇಷ್ಟೇ."

ಅಧಿಕಾರಿಗೆ ನಗು ತಡೆಯಲಾಗಲಿಲ್ಲ. "ಮುಂದಿನ ತಿಂಗಳು ಆಶ್ರಯಧಾಮದವರೂ ಆ ಟೀಚರನ್ನೇ ಹೊಗಳ್ತಾರೆ, ನೋಡ್ತಿರಿ."

"ಹೊಗಳ್ಲಿ ಸಾರ್. ಈ ಸಲ ಕಣ್ಣಾರೆ ಕಂಡವರು ನೀವಿದೀರಲ್ಲ." ಅವಳೇ ಕಡತ ಬಿಡಿಸಿ ಅವರ ಮುಂದಿಟ್ಟಳು. "ಕಂಡದ್ದನ್ನ ಬರೀರಿ."