ಹುಳಕ್ಕೆ ಬಿಟ್ಟ ಸಾಲು

ನಂದೊಳ್ಳಿಯ ಬಯಲಿನಲ್ಲಿ ದುರ್ಗಮ್ಮನಿಗಿದ್ದದ್ದು ಅರ್ಧ ಎಕರೆ ಗದ್ದೆ. ಗಂಡ ಚಳಿಜ್ವರದಲ್ಲಿ ತೀರಿಹೋದ ಮೇಲೆ ಮೂರು ಮಕ್ಕಳ ಮತ್ತು ಅತ್ತೆ ಪಾರ್ವತವ್ವನ ವರ್ಷದ ಗಂಜಿ ಆ ಗದ್ದೆಯಿಂದಲೇ ಬರಬೇಕಿತ್ತು. ಹಿಂದಿನ ವರ್ಷ, ಸಾವಿರದ ಒಂಬೈನೂರ ಮೂವತ್ತೈದರಲ್ಲಿ, ಕಾಂಡ ಕೊರೆಯುವ ಹುಳ ಊರಿನ ಅರ್ಧ ಬೆಳೆ ತಿಂದಿತ್ತು. ತೆನೆಗಳು ಬೆಳ್ಳಗೆ, ನೆಟ್ಟಗೆ ನಿಂತಿದ್ದವು, ಒಳಗೆ ಕಾಳಿರಲಿಲ್ಲ.

ಈ ಮಳೆಗಾಲದಲ್ಲಿ ಅವಳ ಗದ್ದೆಗೆ ತಾಗಿದ ಮೇಲಿನ ಗದ್ದೆಯನ್ನು ಗೇಣಿಗೆ ಹಿಡಿದು, ಧಾರವಾಡದ ಕಡೆಯ, ಬೇಸಾಯ ಇಲಾಖೆಯ ದಿನಕರ ಹನ್ನೆರಡು ಜಾತಿಯ ಭತ್ತವನ್ನು ಹನ್ನೆರಡು ಸಾಲಾಗಿ ನೆಡಿಸಿದ. ಯಾವ ಜಾತಿ ಹುಳಕ್ಕೆ ಜಗ್ಗುವುದಿಲ್ಲ ಎಂದು ನೋಡುವುದು ಅವನ ಕೆಲಸ. ಹುಳ ಸೇರಲೆಂದೇ ಪ್ರತಿ ಸಾಲಿನ ಎರಡೂ ಮಗ್ಗುಲಿಗೆ ಊರಿನ ಕೆಂಪು ಭತ್ತ ಹಾಕಿಸಿದ್ದ. ದುರ್ಗಮ್ಮ ಬೆಳೆಯುವುದೂ ಅದನ್ನೇ. ಕಾವಲಿಗೆ ಅವಳನ್ನೇ ಇಟ್ಟುಕೊಂಡ, ದಿನಕ್ಕೊಂದು ಸೇರು ಅಕ್ಕಿಗೆ.

"ದನ ಕಾಯ್ರಿ, ಗಿಳಿ ಓಡಸ್ರಿ. ಹುಳದ ತಂಟೆಗೆ ಮಾತ್ರ ಹೋಗಬ್ಯಾಡ್ರಿ," ಎಂದ.

"ಎಲೆ ತುದಿಯ ಮೊಟ್ಟೆ ಚಿವುಟಿ ತೆಗೀರಿ ಅಂತ ಹೋದ ವರ್ಷ ನಮಗೆಲ್ಲ ಕಲಿಸಿದ್ದು ನೀವೇ ಅಲ್ದಾ ಒಡೆಯಾ?"

"ಅದು ಬೆಳಿ ಉಳಸಾಕ. ಇದು ಪರೀಕ್ಷಾ. ಹುಳ ಬರದಿದ್ರ ಯಾವ್ದು ಗಟ್ಟಿ ಅಂತ ಹೆಂಗ ಗೊತ್ತಾಗಬೇಕು?"

"ನಿಮ್ಮ ಹುಳ ನಿಮ್ಮ ಬದು ದಾಟೂದಿಲ್ವಾ?"

"ಒಂದು ಜಾತಿ ನಿಂತ್ರೂ ಸಾಕವ್ವಾ, ನಿಮ್ಮ ಮೊಮ್ಮಕ್ಕಳು ಹೊಟ್ಟಿತುಂಬ ಉಣ್ತಾವ."

"ಮೊಮ್ಮಕ್ಕಳು ಆಗ್ಲಿಕ್ಕೆ ಮೊದ್ಲು ಮಕ್ಕಳು ಉಣ್ಬೇಕಲ್ಲ!"

ದಿನಕರ ನಕ್ಕ. ಅವಳೂ ನಕ್ಕಳು. ಸೇರಕ್ಕಿ ಬೇಕಿತ್ತು.

ಶ್ರಾವಣದಲ್ಲಿ ಆ ಹುಳದ ಮೊಟ್ಟೆಯಿಡುವ ಹಳದಿ ಹಾತೆಗಳು ಬಂದವು. ಎಲೆಯ ತುದಿಗಳಲ್ಲಿ ಕಂಬಳಿಯ ಚೂರಿನಂಥ ಕಂದು ಮೊಟ್ಟೆಗುಂಪುಗಳು ಕೂತವು. ದುರ್ಗಮ್ಮ ಕೈಕಟ್ಟಿ ನೋಡಿದಳು. ಎಂಟು ದಿನ ಕಳೆದ ಮೇಲೆ ಅವು ಅವಳ ಗದ್ದೆಯಲ್ಲೂ ಕಂಡವು. ಎಲ್ಲವನ್ನೂ ಚಿವುಟಿ ತೆಗೆದಳು. ಮರುದಿನ ಬೆಳಿಗ್ಗೆ ಮತ್ತೆ ಅಷ್ಟೇ ಇದ್ದವು.

ದಿನಕರ ಯಲ್ಲಾಪುರಕ್ಕೆ ಹೋಗಿದ್ದ ಮಧ್ಯಾಹ್ನ ಅವಳು ಬದು ಹತ್ತಿದಳು. ತನ್ನ ಗದ್ದೆಗೆ ಹತ್ತಿರವಿದ್ದ ಎರಡು ಕೆಂಪು ಸಾಲುಗಳಿಂದಷ್ಟೇ ಮೊಟ್ಟೆ ತೆಗೆಯಬೇಕೆಂದುಕೊಂಡಿದ್ದಳು. ನಡುವೆ ಇದ್ದದ್ದು ಹನ್ನೆರಡನೇ ಸಾಲು. ಬಗ್ಗಿದ ಬೆನ್ನು ಬಗ್ಗಿದ್ದಂತೆ ಕೈ ಅದರ ಮೇಲೂ ಹರಿಯಿತು. ಮಡಿಲಿಗೆ ಹಾಕಿಕೊಂಡದ್ದನ್ನು ಮನೆಯ ಒಲೆಗೆ ಸುರಿದಳು. ತೆನೆ ಬರುವವರೆಗೂ, ಅವನು ಊರಲ್ಲಿಲ್ಲದಾಗೆಲ್ಲ, ಹೀಗೇ ನಡೆಯಿತು.

ತೆನೆ ಬಂದಾಗ ದಿನಕರ ಸಾಲು ಸಾಲಾಗಿ ಎಣಿಸಿದ. ಮೂರನೇ ಸಾಲಿನಲ್ಲಿ ನೂರಕ್ಕೆ ಇಪ್ಪತ್ತು ಬಿಳಿ, ಉಳಿದ ಕಡೆ ಅರ್ಧಕ್ಕರ್ಧ. ಹನ್ನೆರಡನೇ ಸಾಲಿನಲ್ಲಿ ಮಾತ್ರ ನೂರಕ್ಕೆ ನಾಲ್ಕು.

"ಸಿಕ್ತವ್ವಾ, ಸಿಕ್ತು! ಇದರ ಬೀಜಾನ ಊರಾಗ ಹಂಚೋಣು," ಎಂದು ಕೂಗಿದ.

ದುರ್ಗಮ್ಮನ ಗದ್ದೆಯೂ ಕಾಳು ಕಟ್ಟಿತ್ತು. ಮನೆಯಲ್ಲಿ ಅತ್ತೆಗೆ ಎಲ್ಲ ಹೇಳಿದಳು.

"ಬಾಯಿ ಮುಚ್ಕಂಡು ಕೂರು," ಎಂದಳು ಪಾರ್ವತವ್ವ. "ನಿನ್ನ ಗದ್ದೆ ಉಳೀತು, ಅವನಿಗೂ ಖುಷಿಯಾಯ್ತು. ಯಾರ ಗಂಟು ಹೋಯ್ತು?"

ಕೊಯ್ಲಿನ ದಿನ ನೆರೆಮನೆಯ ಸುಬ್ಬಿ ಕೂಸನ್ನು ಸೊಂಟದಲ್ಲಿಟ್ಟುಕೊಂಡು ಬಂದಳು.

"ಅಕ್ಕಾ, ಹನ್ನೆರಡನೇದರ ಬೀಜ ನನಗೂ ಒಂದಿಷ್ಟು ಕೊಡಿಸು. ಬಿತ್ತನೆಗೆ ಅಂತ ಇಟ್ಟ ಹಳೇ ಭತ್ತ ಇವತ್ತೇ ಕುಟ್ಟಿ ಗಂಜಿ ಮಾಡ್ತೆ. ಹೊಟ್ಟೆಗಿಲ್ದೆ ನನಗೆ ಹಾಲೇ ಇಲ್ಲ, ಇದು ರಾತ್ರಿಯೆಲ್ಲ ಅಳ್ತದೆ."

ಕೂಸು ದುರ್ಗಮ್ಮನ ಬೆರಳು ಹಿಡಿದು ಚೀಪಿತು. ಮೆತ್ತಗೆ ಬಿಡಿಸಿಕೊಂಡು, "ಇವತ್ತು ಕುಟ್ಟಬೇಡ, ತಡಿ," ಎಂದು ಅವಳು ದಿನಕರನ ಬಳಿ ನಡೆದಳು. ಅವನು ಕೊಯ್ದ ಭತ್ತದ ಸೂಡು ಕಟ್ಟಿಸುತ್ತಿದ್ದ.

"ಅದನ್ನು ಹಂಚಬೇಡಿ ಒಡೆಯಾ. ಅದು ಗಟ್ಟಿಯಲ್ಲ. ಮೊಟ್ಟೆ ತೆಗೆದದ್ದು ನಾನು."

ಬೈಯಬಹುದೆಂದು ಅವಳು ತಲೆ ತಗ್ಗಿಸಿ ನಿಂತಳು.

"ಎಷ್ಟು ದಿವಸ?"

"ತೆನೆ ಬರೋ ತನಕ."

ದಿನಕರ ಸಾಲಿನ ತುದಿಯ ನಂಬರಿನ ಗೂಟ ಕಿತ್ತು ಬದುವಿನ ಮೇಲೆ ಕುಳಿತ. "ಮುಂದಿನ ವರ್ಷ ಮತ್ತ ಇಲ್ಲೇ ಹಚ್ಚಬೇಕು," ಎಂದ. "ಹುಳ ಇಲ್ಲೇ ನೆಲಿ ಹಿಡದೈತಿ. ಕಾಯಾಕ ಬ್ಯಾರೇದವರನ್ನ ನೋಡ್ತೀನಿ."

"ಕೆಳಗಿನ ನನ್ನ ಗದ್ದೆ?"

ಅವನು ಗೂಟ ಹಿಡಿದು ಎದ್ದು ಸೂಡು ಕಟ್ಟುವವರ ಕಡೆ ನಡೆದ.

ಮರುವರ್ಷ ಕಾವಲಿಗೆ ಬಂದವಳು ಸುಬ್ಬಿ. ಹಾತೆಗಳು ಹಾರತೊಡಗಿದ ದಿನ ದುರ್ಗಮ್ಮ ಬದುವಿಗೆ ಕಾಲಿಟ್ಟಳು.

"ಹತ್ತಬೇಡ ಅಕ್ಕಾ," ಎಂದು ಸುಬ್ಬಿ ಅತ್ತೇಬಿಟ್ಟಳು. "ನನ್ನ ಸೇರಕ್ಕಿ ಹೋಗ್ತದೆ."

ಸುಬ್ಬಿಯ ಕೂಸು ಆಗ ನಡೆಯಲು ಕಲಿಯುತ್ತಿತ್ತು. ದುರ್ಗಮ್ಮ ಕೆಳಗಿಳಿದಳು. ಮಕ್ಕಳನ್ನು ಕಟ್ಟಿಕೊಂಡು ತನ್ನ ಗದ್ದೆಯ ಎಲೆಗಳನ್ನಷ್ಟೇ ದಿನಕ್ಕೆ ಮೂರು ಸಲ ಆರಿಸಿದಳು. ಮೇಲಿನಿಂದ ಬರುವುದು ನಿಲ್ಲಲಿಲ್ಲ.

ಆಶ್ವೀಜದಲ್ಲಿ ಹನ್ನೆರಡನೇ ಸಾಲು ಪೂರ್ತಿ ಬೆಳ್ಳಗಾಯಿತು. ದುರ್ಗಮ್ಮನ ಅರ್ಧ ಎಕರೆಯೂ ಹಾಗೆಯೇ. ಅವಳು ಕುಡುಗೋಲು ಹಿಡಿದು ಎಮ್ಮೆಗಾದರೂ ಆಗಲೆಂದು ಕೊಯ್ಯುತ್ತಿದ್ದಾಗ ಮೇಲಿನಿಂದ ದಿನಕರ ಕೂಗಿದ.

"ಅವ್ವಾ, ಮೂರನೇದು ನಿಂತೈತಿ! ಈ ಸಲ ಖರೇನ ನಿಂತೈತಿ ನೋಡ್ರಿ!"

"ಒಳ್ಳೇದಾಯ್ತು ಒಡೆಯಾ," ಎಂದಳು ದುರ್ಗಮ್ಮ. ಮತ್ತೆ ಬಗ್ಗಿ, ಮುಂದಿನ ಹಿಡಿಗೆ ಕೈ ಹಾಕಿದಳು. ತೆನೆಗಳು ಹಗುರವಾಗಿದ್ದವು.