ಮಗಳ ಅಳತೆ

ನಮ್ಮ ಬೀದಿಯ ದರ್ಜಿ ಅಕ್ಕನ ಮಗಳಿಗೆ ಓದು ಮುಗಿದು ಎರಡು ವರ್ಷವಾದರೂ ಕೆಲಸ ಸಿಕ್ಕಿರಲಿಲ್ಲ. ಕೊನೆಗೊಂದು ದಿನ ಫೋನಿಗೆ ಜಾಹೀರಾತು ಬಂತು. ಪೇಟೆಯ ದೊಡ್ಡ ಬಟ್ಟೆ ಮಳಿಗೆಯಲ್ಲಿ ಕೌಂಟರ್ ಕೆಲಸ, ಸಮವಸ್ತ್ರವೂ ಅವರದೇ. ತಾಯಿ ಮಗಳು ಕೂತು ಅರ್ಜಿ ತುಂಬಿ ಕಳಿಸಿಬಿಟ್ಟರು. ಪಕ್ಕದಲ್ಲೇ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ನನ್ನನ್ನು ಒಂದು ಮಾತು ಕೇಳಲಿಲ್ಲ. ದಿನಕ್ಕೆ ಐವತ್ತು ಅರ್ಜಿ ನೋಡುವವಳು ನಾನು. ಆ ಸಿಟ್ಟು ಇನ್ನೂ ಇದೆ.

ಮೂರನೇ ದಿನ ಬೆಳಿಗ್ಗೆ ಅಕ್ಕ ಓಡಿಬಂದು ನನ್ನ ಅಂಗಡಿಯ ಬಾಗಿಲು ಎಳೆದುಕೊಂಡಳು. ಹಿಂದೆ ನಿಂತಿದ್ದ ಮಗಳ ಮುಖದಲ್ಲಿ ರಕ್ತವೇ ಇರಲಿಲ್ಲ. ಯಾರೋ ಗಂಡಸು ಫೋನ್ ಮಾಡಿ, ಸಂದರ್ಶನಕ್ಕೆ ನಾಳೆ ಬಸ್ ನಿಲ್ದಾಣದ ಹಿಂದಿನ ಲಾಡ್ಜಿಗೆ ಒಬ್ಬಳೇ ಬಾ ಎಂದನಂತೆ. ಬರುವುದಿಲ್ಲ ಎಂದದ್ದಕ್ಕೆ ಅವಳ ಮೈ ಅಳತೆಯನ್ನು ಒಂದೊಂದಾಗಿ ಓದಿ ಹೇಳಿದನಂತೆ. ಆಮೇಲೆ ನಿಧಾನವಾಗಿ, "ನಿಮ್ಮಮ್ಮ ಅಂಗಡಿಯಿಂದ ಬರೋದು ಏಳಕ್ಕೆ ಅಲ್ವಾ? ಅಲ್ಲಿವರೆಗೂ ಮನೇಲಿ ನೀನೊಬ್ಬಳೇ," ಎಂದನಂತೆ.

ಅಳತೆ ಅವನಿಗೆ ಸಿಕ್ಕಿದ್ದು ಹೇಗೆ ಎಂದು ಕೇಳಿದೆ. ಸಮವಸ್ತ್ರ ಹೊಲಿಸಲು ಬೇಕೆಂದು ಅರ್ಜಿಯಲ್ಲೇ ಕೇಳಿದ್ದರಂತೆ. ಬೇರೆ ಮನೆಯವರಾಗಿದ್ದರೆ ಅಲ್ಲೇ ಅನುಮಾನ ಬರುತ್ತಿತ್ತು. ಇವರ ಮನೆಯಲ್ಲಿ ಅಳತೆಯೆಂದರೆ ಮೂರು ಹೊತ್ತಿನ ಮಾತು. ಫಿಟ್ಟಿಂಗ್ ಕೆಡಬಾರದೆಂದು ಅಕ್ಕನೇ ಕೊರಳಿನ ಟೇಪು ತೆಗೆದು ಮಗಳನ್ನು ಅಳೆದು, ಕಾಲಿಂಚೂ ಬಿಡದೆ ಬರೆಸಿದ್ದಳು. ಫೋಟೋ, ಗುರುತಿನ ಚೀಟಿ, ವಿಳಾಸ, ಮನೆಯಲ್ಲಿ ಯಾರು ಎಷ್ಟು ಹೊತ್ತಿಗೆ ಇರುತ್ತಾರೆ ಎಂಬುದು, ಎಲ್ಲ ಹೋಗಿತ್ತು.

ಆದರೂ ಅಕ್ಕನಿಗೆ ಆಸೆ. ದೊಡ್ಡ ಮಳಿಗೆಯವರು, ವಿಚಾರಿಸದೆ ಯಾರು ಕೆಲಸ ಕೊಡುತ್ತಾರೆ, ನಾನೂ ಜೊತೆಗೆ ಹೋಗಿಬರುತ್ತೇನೆ ಎಂದಳು. ನಾನು ಜಾಹೀರಾತಿನ ನಂಬರ್ ಬಿಟ್ಟು, ನನ್ನ ಅಂಗಡಿಯಲ್ಲೇ ಬಿದ್ದಿದ್ದ ಆ ಮಳಿಗೆಯ ಚೀಲದ ಮೇಲೆ ಅಚ್ಚಾಗಿದ್ದ ನಂಬರಿಗೆ ಫೋನ್ ಮಾಡಿದೆ. ನಮ್ಮಲ್ಲಿ ಕೆಲಸವೇ ಖಾಲಿಯಿಲ್ಲ, ಅಂಥ ಅರ್ಜಿ ನಮ್ಮದಲ್ಲ ಎಂದರು.

ಅಕ್ಕ ಸ್ಟೂಲಿನ ಮೇಲೆ ಕುಸಿದಳು. ನಾನು ಕೇಳಿದೆ:

"ಅಕ್ಕಾ, ಗಿರಾಕಿಗಳ ಅಳತೆ ಪುಸ್ತಕ ಎಲ್ಲಿಡ್ತೀಯ?"

"ಬೀರುವಲ್ಲಿ, ಬೀಗ ಹಾಕಿ. ಹೆಣ್ಣುಮಕ್ಕಳದ್ದು ಕಣೇ, ಕಂಡಕಂಡವರ ಕೈಗೆ ಸಿಗಬಾರದು..."

ಅಷ್ಟು ಹೇಳಿ ಮಗಳ ಮುಖ ನೋಡಿದಳು. "ಇವಳದ್ದು ಮಾತ್ರ ನನ್ನ ಕೈಯಾರೆ ಕೊಟ್ಟೆನಲ್ಲೇ," ಎಂದು ಅತ್ತಳು.

ಮೂವರೂ ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟೆವು. ಹುಡುಗಿ ಜಾಹೀರಾತಿನ ಮೆಸೇಜನ್ನೂ ಅವನು ಕರೆ ಮಾಡಿದ ನಂಬರನ್ನೂ ಅಳಿಸದೆ ಇಟ್ಟಿದ್ದು ಉಪಕಾರವಾಯಿತು. ಅವನಿನ್ನೂ ಸಿಕ್ಕಿಲ್ಲ. ಮಗಳು ಈಗ ದಿನವೂ ತಾಯಿಯ ಜೊತೆ ಅಂಗಡಿಗೆ ಬರುತ್ತಾಳೆ. ಬಾಗಿಲಲ್ಲಿ ಗುರುತಿಲ್ಲದ ಗಂಡಸು ನಿಂತರೆ ಅಕ್ಕನ ಹೊಲಿಗೆ ಯಂತ್ರ ನಿಂತುಬಿಡುತ್ತದೆ.

ಇದನ್ನು ಓದುತ್ತಿರುವ ತಾಯಂದಿರೇ, ಹೆಣ್ಣುಮಕ್ಕಳೇ, ಕೆಲಸ ಹುಡುಕಬೇಡಿ ಎಂದು ಯಾರು ಹೇಳಿದರು? ಆದರೆ ಮೊದಲ ಅರ್ಜಿಗೆ ಹೆಸರು, ಓದು, ಅನುಭವ, ಒಂದು ಫೋನ್ ನಂಬರ್ ಸಾಕು. ಗುರುತಿನ ಚೀಟಿ, ಬ್ಯಾಂಕಿನ ವಿವರ ಏನಿದ್ದರೂ ಕೆಲಸ ಖಾತ್ರಿಯಾದ ಮೇಲೆ. ಮೈ ಅಳತೆ, ಮನೆಯವರು ಮನೆಯಲ್ಲಿರದ ಹೊತ್ತು, ಇವನ್ನು ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಕಂಪನಿಯ ಸ್ವಂತ ನಂಬರನ್ನು ನೀವೇ ಹುಡುಕಿ ಫೋನ್ ಮಾಡಿ. ತಪ್ಪಾಗಿಬಿಟ್ಟಿದ್ದರೆ ಮುಚ್ಚಿಡಬೇಡಿ, ಮಕ್ಕಳನ್ನು ಬೈಯಬೇಡಿ, ಠಾಣೆಗೆ ಹೋಗಿ. ಕಳಿಸುವ ಮುಂಚೆ ನನ್ನಂಥವಳನ್ನು ಒಂದು ಮಾತು ಕೇಳಿ. ಯಾರೂ ಸಿಗದಿದ್ದರೆ ನಿಮ್ಮನ್ನೇ ಕೇಳಿಕೊಳ್ಳಿ: ಈ ಅರ್ಜಿಯನ್ನು ನನ್ನ ಮನೆಯ ಬೀದಿ ಬಾಗಿಲಿಗೆ ಅಂಟಿಸಲು ಒಪ್ಪುತ್ತೇನೆಯೇ?