ಹಂದಿಯನ್ನು ದಾಟಿ ಹೋದ ಗುಂಡು

ನಾನು ಒಂದು ಗುಂಡು, ಕೋವಿಯ ಗುಂಡು. ನನ್ನ ಕಥೆ ಹೇಳಿಕೊಳ್ಳಲು ನನಗೇ ನಾಚಿಕೆ. ಆದರೂ ಹೇಳುತ್ತೇನೆ.

ಹುಟ್ಟಿದ್ದು ಕಡಲಾಚೆಯ ಕಾರ್ಖಾನೆಯಲ್ಲಿ. ಒಳಗೆ ಸೀಸ, ಮೇಲೆ ದಪ್ಪ ಉಕ್ಕಿನ ಕವಚ. ಪಕ್ಕದ ಮೇಜಿನಲ್ಲಿ ತಯಾರಾಗುತ್ತಿದ್ದವರ ಮೂತಿಗೆ ಕವಚ ಇರಲಿಲ್ಲ, ಬರೀ ಮೆತ್ತನೆಯ ಸೀಸ. ಅವರು ಮಾಂಸಕ್ಕೆ ತಾಗಿದೊಡನೆ ಅಣಬೆಯ ಹಾಗೆ ಅರಳಿ, ಒಳಗೆಲ್ಲ ಹರಿದು, ಅಲ್ಲೇ ನಿಲ್ಲುವವರು. ನಾನು ಅರಳುವವನಲ್ಲ. ಆನೆಯ ತಲೆಬುರುಡೆ ದಾಟಿ ಮಿದುಳು ಮುಟ್ಟಬೇಕಾದವನು ದಾರಿಯಲ್ಲೇ ಅರಳಿದರೆ ಕೆಲಸ ಕೆಟ್ಟಂತೆ. ನೆಟ್ಟಗೆ ಹೋಗುವುದೊಂದೇ ನನಗೆ ಗೊತ್ತು. ಆಗ ಅದೇ ದೊಡ್ಡಸ್ತಿಕೆ ಅನಿಸಿತ್ತು.

ಕೊಡಗಿನ ಒಬ್ಬ ಬಿಳಿ ದೊರೆ, ಕಾಫಿ ತೋಟಕ್ಕೆ ಆನೆ ನುಗ್ಗಿದರೆ ಇರಲಿ ಎಂದು ನಮ್ಮನ್ನು ತರಿಸಿದ. ಆನೆಯೇನೋ ಬಂತು, ತಮಟೆಯ ಸದ್ದಿಗೆ ಹೆದರಿ ಹೋಯಿತು. ದೊರೆ ಊರು ಬಿಡುವಾಗ ಜೋಡಿ ನಳಿಗೆಯ ಕೋವಿಯನ್ನೂ ನಮ್ಮ ಪೆಟ್ಟಿಗೆಯನ್ನೂ ನೆರೆಯ ಉತ್ತಯ್ಯನಿಗೆ ಕೊಟ್ಟ. ಉತ್ತಯ್ಯ ಒಳ್ಳೆಯವನು, ಬಾಯಿ ಮಾತ್ರ ಜೋರು.

ಬೇಟೆಗೆ ಇನ್ನೂ ಅಡ್ಡಿಯಿಲ್ಲದ ಕಾಲ ಅದು. ಗದ್ದೆ ಹಾಳು ಮಾಡುತ್ತಿದ್ದ ಒಂಟಿ ಹಂದಿಯ ಬೇಟೆಗೆ ಊರವರು ಹೊರಟ ದಿನ, ಮೆತ್ತನೆ ಮೂತಿಯ ಗುಂಡುಗಳು ಮುಗಿದಿದ್ದವು. ಉತ್ತಯ್ಯ ನನ್ನನ್ನೂ ನನ್ನ ತಮ್ಮನೊಬ್ಬನನ್ನೂ ಎರಡು ನಳಿಗೆಗೆ ತುಂಬಿದ. ಅವನ ತಂಗಿಯ ಗಂಡ ಕಾಳಯ್ಯ ಇಣುಕಿ ನೋಡಿದ. "ಬಾವ, ಇದು ಹಂದಿಗೆ ಆಗ್ತದಾ?"

"ಆನೆ ಬೀಳಿಸೋ ಗುಂಡು ಮಾರಾಯ! ಹಂದಿ ಯಾವ ಲೆಕ್ಕ?"

ಕೇಳಿ ನಾನೂ ಉಬ್ಬಿಹೋದೆ.

ನಾಯಿಗಳು ಹಂದಿಯನ್ನು ಎಬ್ಬಿಸಿದವು. ಉತ್ತಯ್ಯ ಹೊಡೆದ. ನಾನು ಭುಜದ ಹಿಂದೆ ಹೊಕ್ಕು, ಆಚೆ ಪಕ್ಕೆಯಿಂದ ಹೊರಬಿದ್ದು, ಹಲಸಿನ ಮರದೊಳಗೆ ನಾಟಿಕೊಂಡೆ. ಹಂದಿಯ ಮೈಯಲ್ಲಿ ಬಿಟ್ಟದ್ದು ಬೆರಳು ತೂರುವಷ್ಟು ತೂತು. ಮೂತಿ ಚಪ್ಪಟೆಯಾಗಿದ್ದರೆ ಹೋದ ದಾರಿಯನ್ನಾದರೂ ಅಗಲವಾಗಿ ಹರಿಯುತ್ತಿದ್ದೆ. ನನ್ನದು ನುಣುಪಾದ ದುಂಡು ಮೂತಿ. ಮಾಂಸ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ನನ್ನ ಬಲವೆಲ್ಲ ಮರದ ಪಾಲಾಯಿತು.

ಹಂದಿ ಮುಗ್ಗರಿಸಿ ಬಿತ್ತು. ಆ ಊರ ಬೇಟೆಯಲ್ಲಿ, ಬಿದ್ದ ಹಂದಿಯ ಬಾಲ ಮೊದಲು ಮುಟ್ಟಿದವನಿಗೆ ಬೇರೆಯೇ ಪಾಲು. ಪಾಲಿಗಿಂತ ಹೆಸರಿನ ಆಸೆ ಹೆಚ್ಚು. ಕಾಳಯ್ಯ ಓಡಿದ.

"ಇನ್ನೊಂದು ಹೊಡಿ ಉತ್ತಯ್ಯ!" ಎಂದು ಹಿರಿಯರೊಬ್ಬರು ಕೂಗಿದರು. ಉತ್ತಯ್ಯ ಕೋವಿ ಇಳಿಸಿ ನಗುತ್ತಿದ್ದ. ಕಾಳಯ್ಯ ಬಾಲ ಹಿಡಿದ. ಹಂದಿ ಎದ್ದು ತಿರುಗಿತು.

ಮರದೊಳಗೆ ಗೇಣಾಳದಲ್ಲಿದ್ದ ನನಗೆ ಇದೇನೂ ಕಾಣಲಿಲ್ಲ, ಆಮೇಲೆ ಅವರಿವರ ಮಾತಿನಿಂದ ತಿಳಿದದ್ದು. ಕಾಳಯ್ಯನ ಚೀತ್ಕಾರ ಕೇಳಿಸಿತು. ಆಮೇಲೆ ನನ್ನ ತಮ್ಮ ಹೊರಟ ಸದ್ದು. ಅವನು ಹತ್ತಿರದಿಂದ ಹಂದಿಯ ತಲೆಗೇ ತಾಗಿದನಂತೆ. ಅಷ್ಟರಲ್ಲಿ ಅದರ ಕೋರೆ ಕಾಳಯ್ಯನ ತೊಡೆ ಸೀಳಿತ್ತು.

ಮರುದಿನ ಉತ್ತಯ್ಯ ಮರ ಕೆತ್ತಿ ನನ್ನನ್ನು ತೆಗೆದು ಜೇಬಿಗೆ ಹಾಕಿಕೊಂಡ. ಬಾಲ ಮುಟ್ಟಿದವನ ಪಾಲನ್ನು ಬಾಳೆಲೆಯಲ್ಲಿ ಕಟ್ಟಿಕೊಂಡು ತಂಗಿಯ ಮನೆಗೆ ಹೋದ. ತಂಗಿ ಮುತ್ತವ್ವ ಬಾಗಿಲಲ್ಲೇ ನಿಂತಳು.

"ಅಣ್ಣ, ಅವರ ಕಾಲು ಉಳೀತದೋ ಇಲ್ವೋ ಡಾಕ್ಟರಿಗೇ ಗೊತ್ತಿಲ್ಲ. ಇದನ್ನ ನಾನು ಬೇಯಿಸ್ಲಾ?"

ಉತ್ತಯ್ಯ ಜೇಬಿಗೆ ಕೈ ಹಾಕಿದ. ನನ್ನನ್ನು ತೆಗೆದು ಕಿಟಕಿಯ ಮೇಲಿಟ್ಟ. "ಎಲ್ಲ ಈ ಹಾಳು ಗುಂಡಿನಿಂದ ಆದದ್ದು," ಎಂದ.

ಕಾಲು ಉಳಿಯಿತು, ಮಂಡಿ ಮಡಚಲಿಲ್ಲ. ಕಾಳಯ್ಯ ಮತ್ತೆ ಗದ್ದೆಗಿಳಿಯಲಿಲ್ಲ. ಅವನು ಆ ಕಾಲನ್ನು ಎರಡೂ ಕೈಯಿಂದ ಎತ್ತಿ ಮಂಚದ ಮೇಲಿಡುವುದನ್ನು ಇಷ್ಟು ವರ್ಷ ದಿನವೂ ನೋಡಿದ್ದೇನೆ. ಉತ್ತಯ್ಯ ಪ್ರತಿ ಭಾನುವಾರ ಬರುತ್ತಾನೆ, ಕಾಫಿ ಕುಡಿಯುತ್ತಾನೆ, ನನ್ನನ್ನು ಬೈದು ಹೋಗುತ್ತಾನೆ. ಕಾಳಯ್ಯ "ಹೂಂ" ಅನ್ನುತ್ತಾನೆ.

ಹೋದ ಭಾನುವಾರ ಉತ್ತಯ್ಯ ನನ್ನನ್ನು ಬೈಯಲಿಲ್ಲ. ಲೋಟ ಕೆಳಗಿಟ್ಟ.

"ಇನ್ನೊಂದು ಹೊಡಿ ಅಂದದ್ದು ನಂಗೆ ಕೇಳಿತ್ತು ಬಾವ. ಆನೆ ಗುಂಡು, ಒಂದೇ ಸಾಕು ಅನಿಸ್ತು."

ಕಾಳಯ್ಯ ಕಾಲು ಸವರಿಕೊಂಡ. "ನಂಗೂ ಕೇಳಿತ್ತು. ಬಾಲ ಬೇರೆಯವರು ಮುಟ್ಟಿಬಿಡ್ತಾರೆ ಅಂತ ಓಡಿದೆ."

ಇಬ್ಬರೂ ಅತ್ತರು. ತಪ್ಪು ಒಪ್ಪಿಕೊಳ್ಳಲು ಉಳಿದವನು ನಾನೊಬ್ಬ. ಹಂದಿಯೊಳಗೆ ನಿಲ್ಲಬೇಕಿತ್ತು, ನಿಲ್ಲದೆ ಹೋದೆ. ಅದನ್ನು ಅವರಿಗೆ ಹೇಳೋಣವೆಂದರೆ ನನಗೆ ಬಾಯಿಲ್ಲ. ಅದಕ್ಕೇ ನಿಮ್ಮ ಹತ್ತಿರ ಹೇಳಿದೆ.